ಅಕ್ಷರ, ಚಿತ್ರ, ಕೊಂಬು: ಹಳೆಯ ಜರ್ಮನ್ ಜೇಬುಚಾಕುವಿನ ಊರು ಹೇಳುವುದು ಯಾವುದು?

ನಾನಿರುವುದು ಡ್ಯೂಸೆಲ್ಡಾರ್ಫ್‌ನಲ್ಲಿ. ಚಾಕು, ಕತ್ತರಿಗೆ ಹೆಸರಾದ ಸೋಲಿಂಗೆನ್ ಇಲ್ಲಿಗೆ ತೀರಾ ಹತ್ತಿರ. ಹಾಗಾಗಿ ಹಳೆ ಸಾಮಾನಿನ ಸಂತೆಗೆ ಹೋದಾಗಲೆಲ್ಲ ಒಂದಲ್ಲ ಒಂದು ಮಡಚುವ ಚಾಕು ಕಣ್ಣಿಗೆ ಬೀಳುತ್ತದೆ. ಅದು ನಿಜವಾಗಿ ಎಲ್ಲಿಯದು, ಯಾವ ಕಾಲದ್ದು ಅಂತ ತಿಳಿಯಲು ನಾನು ಮೂರು ದಾರಿ ಹಿಡಿದು ನೋಡಿದ್ದೇನೆ. ಅಲಗಿನ ಬುಡದ ಅಕ್ಷರ, ಕಂಪನಿಯ ಚಿತ್ರ, ಹಿಡಿ ಮತ್ತು ಕಟ್ಟಿದ ರೀತಿ. ಮೂರೂ ಒಂದೇ ತೂಕದವಲ್ಲ.

ಮೊದಲು ನಂಬಿದ್ದು ಚಿತ್ರವನ್ನು. ಯಾಕೆಂದರೆ ಅದೇ ಬೇಗ ಕಾಣುತ್ತದೆ. ಚಾಕು ಕಂಪನಿಗಳಲ್ಲಿ ಹೆಂಕೆಲ್ಸ್‌ನ ಅವಳಿಗಳ ಚಿತ್ರ 1731ರಲ್ಲೇ ಸೋಲಿಂಗೆನ್‌ನಲ್ಲಿ ನೋಂದಣಿಯಾದ ಗುರುತು. ಬೋಕರ್‌ಗೆ ಮರ. ರಾಬರ್ಟ್ ಕ್ಲಾಸ್‌ಗೆ ಕೊಕ್ಕು ತಾಗಿಸಿ ನಿಂತ ಎರಡು ಕೊಕ್ಕರೆ. ಕಪ್ಪು ತಗಡಿನ ಹಿಡಿಯ ಮೆರ್ಕೇಟರ್ ಚಾಕುವಿಗೆ ಜಿಗಿಯುವ ಬೆಕ್ಕು ಮತ್ತು ಕೆ55ಕೆ ಅನ್ನುವ ಅಕ್ಷರಗಳು. ಈ ಬೆಕ್ಕಿನ ಚಾಕು ಮಾಡುತ್ತಿದ್ದ ಕೌಫ್‌ಮನ್ ಕಾರ್ಖಾನೆಯ ಹೆಸರು 'ಇಂಡಿಯಾವೆರ್ಕ್'. ಅದು ಗೊತ್ತಾದ ದಿನ ನನಗೆ ಎಷ್ಟು ಖುಷಿಯಾಯಿತು ಅಂದರೆ, ಆ ಚಾಕುವನ್ನು ಮೇಜಿನ ಮೇಲೆ ಇಟ್ಟುಕೊಂಡೇ ಊಟ ಮಾಡಿದೆ. ಈಗ ಅದನ್ನು ಓಟರ್ ಅನ್ನುವ ಸೋಲಿಂಗೆನ್ ಕಂಪನಿ ತಯಾರಿಸುತ್ತದೆ. ಅಂದರೆ ಬೆಕ್ಕು ಅದೇ, ಮನೆ ಬೇರೆ.

ಚಿತ್ರದ ತೊಂದರೆಯೂ ಅದೇ. ಗುರುತು ಕೈ ಬದಲಾಯಿಸುತ್ತದೆ, ಊರೂರು ಸುತ್ತುತ್ತದೆ. ಬೋಕರ್ ಮರವನ್ನೇ ನೋಡಿ. ಸೋಲಿಂಗೆನ್‌ನಲ್ಲಿ ಮಾಡಿದ ಚಾಕುವಿನ ಮೇಲೂ ಅದಿದೆ. ಹಿಂದೆ ಅಮೆರಿಕದಲ್ಲಿ ಮಾಡಿದ್ದರ ಮೇಲೂ ಇದೆ. ಅರ್ಜೆಂಟೀನಾದ 'ಅರ್ಬೊಲಿಟೊ' ಚಾಕುವಿನ ಮೇಲೂ ಇದೆ. ಸ್ಪ್ಯಾನಿಷ್‌ನಲ್ಲಿ ಆ ಮಾತಿಗೆ ಪುಟ್ಟ ಮರ ಅಂತಲೇ ಅರ್ಥ. ಚಿತ್ರ ಮನೆತನ ಹೇಳುತ್ತದೆ. ಊರು ಹೇಳುವುದಿಲ್ಲ.

ಊರು ಹೇಳುವುದು ಅಕ್ಷರ. ಅಲಗನ್ನು ಪೂರ್ತಿ ತೆರೆದು, ಹಿಡಿಗೆ ಸೇರುವ ಜಾಗವನ್ನು ಎರಡೂ ಬದಿ ಭೂತಗನ್ನಡಿಯಲ್ಲಿ ನೋಡಬೇಕು. ಎರಡೂ ಬದಿ ಅಂದೆ, ಮರೆಯಬೇಡಿ. ಒಂದು ಕಡೆ ಕಂಪನಿ, ಇನ್ನೊಂದು ಕಡೆ ದೇಶ ಇರುವುದು ಜಾಸ್ತಿ. 'ಸೋಲಿಂಗೆನ್' ಅನ್ನುವುದು ಬರೀ ಊರಿನ ಹೆಸರಲ್ಲ. 1938ರಿಂದ ಅದಕ್ಕೆ ಕಾನೂನಿನ ರಕ್ಷಣೆ ಇದೆ. ಮುಖ್ಯ ಕೆಲಸವೆಲ್ಲ ಆ ಪ್ರದೇಶದಲ್ಲೇ ನಡೆದಿದ್ದರೆ ಮಾತ್ರ ಆ ಹೆಸರು ಹಾಕಬಹುದು.

ಕಾಲವನ್ನೂ ಅಕ್ಷರವೇ ಹಿಡಿದುಕೊಡುತ್ತದೆ. ಬ್ರಿಟನ್ 1887ರಲ್ಲಿ, ಅಮೆರಿಕ 1890ರಲ್ಲಿ ಹೊರದೇಶದ ಮಾಲಿನ ಮೇಲೆ ಮೂಲ ಗುರುತಿಸುವ ಕಾನೂನು ತಂದವು. ಅಮೆರಿಕದ್ದು ಜಾರಿಯಾದದ್ದು ಮುಂದಿನ ವರ್ಷ. ಹಾಗಾಗಿ ಅಲ್ಲಿಗೆ ಹೋದ ಚಾಕುವಿನಲ್ಲಿ 'ಜರ್ಮನಿ' ಅಂತಿದ್ದರೆ ಸಾಮಾನ್ಯವಾಗಿ 1891ರ ಈಚಿನದು. ಜರ್ಮನಿಯಲ್ಲೇ ಮಾರಿದ ಚಾಕುವಿಗೆ ಈ ಲೆಕ್ಕ ನಡೆಯುವುದಿಲ್ಲ. 'ವೆಸ್ಟ್ ಜರ್ಮನಿ' ಅಂತಿದ್ದರೆ 1949 ಮತ್ತು 1990ರ ನಡುವಿನದು ಅಂತ ಹಿಡಿಯಬಹುದು. ಆದರೆ ಆ ವರ್ಷಗಳಲ್ಲೂ ಬರೀ 'ಜರ್ಮನಿ' ಅಂತ ಅಚ್ಚು ಹಾಕಿದವರಿದ್ದರು. 'ವೆಸ್ಟ್' ಇಲ್ಲ ಅಂದ ಮಾತ್ರಕ್ಕೆ ಯುದ್ಧಕ್ಕಿಂತ ಹಿಂದಿನದು ಅಂತ ಹೇಳುವ ಮಾರಾಟಗಾರರನ್ನು ನಂಬಬೇಡಿ. 'ಡಿ.ಆರ್.ಜಿ.ಎಂ.' ಇದ್ದರೆ ಅದು ಬಳಕೆಯ ಮಾದರಿಯ ಜರ್ಮನ್ ನೋಂದಣಿ, 1891ರಿಂದ 1945ರವರೆಗಿನ ಪದ್ಧತಿ. 'ರೋಸ್ಟ್‌ಫ್ರೈ' ಅಂದರೆ ತುಕ್ಕು ಹಿಡಿಯದ್ದು, ಅಷ್ಟೇ. ಅದನ್ನು ಕಂಪನಿಯ ಹೆಸರು ಅಂತ ತಿಳಿದವರನ್ನು ನೋಡಿದ್ದೇನೆ.

ಅಕ್ಷರದಲ್ಲೂ ನಾನು ಒಮ್ಮೆ ಮೋಸ ಹೋದೆ. ಸಂತೆಯಲ್ಲಿ ಒಬ್ಬರು 'ಸೋಲಿಂಗೆನ್ ಸ್ಟೀಲ್' ಅಂತ ಬರೆದ ಚಾಕು ತೋರಿಸಿದರು. ಕಂಪನಿಯ ಹೆಸರಿಲ್ಲ, ದೇಶವಿಲ್ಲ. ಹೊಳಪು ನೋಡಿ ತೆಗೆದುಕೊಂಡೆ. ಮನೆಗೆ ಬಂದು ಬೆಳಕಿನಲ್ಲಿ ಹಿಡಿದಾಗ ಗೊತ್ತಾಯಿತು. ಅಕ್ಷರವನ್ನು ಒತ್ತಿ ಮೂಡಿಸಿರಲಿಲ್ಲ, ಮೇಲೆ ಸುಮ್ನೆ ಕೆರೆದಿದ್ದರು. ಅಲಗನ್ನು ಬಿಗಿಯಾಗಿ ಹಿಡಿಯುವ ಬೆನ್ನಿನ ಸ್ಪ್ರಿಂಗ್ ಒಳ ತಗಡಿಗೆ ಸಮವಾಗಿ ಕೂತಿರಲಿಲ್ಲ, ಉಗುರು ಸಿಕ್ಕಿಸುವಷ್ಟು ಸಂದು.

ಅಲ್ಲಿಂದ ಮೂರನೇ ದಾರಿಗೆ ಬೆಲೆ ಕೊಡಲು ಕಲಿತೆ. ಕಟ್ಟಿದ ರೀತಿ ಸುಳ್ಳು ಹೇಳುವುದು ಕಷ್ಟ. ಒಳ್ಳೆಯ ಸೋಲಿಂಗೆನ್ ಚಾಕುವಿನ ಬೆನ್ನ ಮೇಲೆ ಬೆರಳು ಆಡಿಸಿದರೆ ಸ್ಪ್ರಿಂಗ್ ಎಲ್ಲಿ ಮುಗಿದು ಹಿತ್ತಾಳೆಯ ಒಳ ತಗಡು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಆದರೆ ಇದರಿಂದ ಕಂಪನಿ ಹೇಳಲಾಗದು. ಆ ಊರಿನಲ್ಲಿ ಅಲಗು ಬಡಿಯುವವರು ಬೇರೆ, ಸಾಣೆ ಹಿಡಿಯುವವರು ಬೇರೆ, ಜೋಡಿಸುವವರು ಬೇರೆ. ಜೋಡಿಸುವ ಕೆಲಸಗಾರರಿಗೆ ಅಲ್ಲಿ 'ರೈಡರ್' ಅನ್ನುತ್ತಾರೆ. ಒಂದೇ ಕೈ ಹಲವು ಕಂಪನಿಗಳಿಗೆ ದುಡಿಯುತ್ತಿತ್ತು.

ಹಿಡಿಯ ವಿಷಯ ನನಗೆ ಇನ್ನೂ ಹತ್ತಿರ. ಜರ್ಮನ್ ಬೇಟೆ ಚಾಕುಗಳ ಗಟ್ಟಿ ಕೊಂಬಿನ ಹಿಡಿಗಳಲ್ಲಿ ಎಷ್ಟೋ ಭಾರತದಿಂದ ಬಂದ ಕಡವೆ ಕೊಂಬು. ಹೌದು, ಬಂಡೀಪುರ, ನಾಗರಹೊಳೆಯಲ್ಲಿ ನಾವು ನೋಡುವ ಅದೇ ಕಡವೆ. 1990ರ ದಶಕದ ಕೊನೆಗೆ ಭಾರತ ಕೊಂಬಿನ ರಫ್ತು ನಿಲ್ಲಿಸಿತು. ಆಮೇಲೂ ಹಳೆಯ ದಾಸ್ತಾನು ಬಳಕೆಯಲ್ಲಿತ್ತು. ಆದ್ದರಿಂದ ಕೊಂಬು ನೋಡಿ ವರ್ಷ ಹೇಳಬಾರದು. ಹಿಡಿ ನೋಡಿ ದೇಶ ಹೇಳುವುದೂ ಸರಿಯಲ್ಲ. ಪೂಮಾ ಅನ್ನುವ ಚಾಕು ಕಂಪನಿಯ (ಶೂ ಕಂಪನಿ ಅಲ್ಲ) 'ಎಸ್‌ಜಿಬಿ' ಸಾಲಿನಲ್ಲಿ ಅಲಗು ಸೋಲಿಂಗೆನ್‌ನದು, ಜೋಡಣೆ ಚೀನಾದಲ್ಲಿ.

ಒಂದೇ ದಾರಿ ಆರಿಸಿ ಅಂದರೆ ನಾನು ಅಕ್ಷರವನ್ನೇ ಆರಿಸುತ್ತೇನೆ. ಅಕ್ಷರ ಹೇಳಿದ್ದಕ್ಕೆ ಬೆನ್ನಿನ ಸ್ಪ್ರಿಂಗ್ ಒಪ್ಪುತ್ತದಾ ಅಂತ ಬೆರಳಿನಿಂದ ಕೇಳುತ್ತೇನೆ. ಚಿತ್ರಕ್ಕೆ ಕೊನೆಯ ಜಾಗ.

ದಯವಿಟ್ಟು ಇನ್ನೊಂದು ಮಾತು. ಅಲಗಿನ ಬುಡಕ್ಕೆ ಮರಳು ಕಾಗದ ತಾಗಿಸಬೇಡಿ. ನನ್ನ ಹತ್ತಿರ ಕಡವೆ ಕೊಂಬಿನ ಹಿಡಿಯ ಒಂದು ಚಾಕು ಇದೆ. ತುಕ್ಕು ತೆಗೆಯುವ ಅವಸರದಲ್ಲಿ ಅದರ ಹೆಸರನ್ನೂ ಉಜ್ಜಿಬಿಟ್ಟೆ. ಈಗ ಉಳಿದಿರುವುದು 'ಗೆನ್' ಅನ್ನುವಷ್ಟೇ. ತಿಂಗಳಿಗೊಮ್ಮೆ ಎಣ್ಣೆ ಸವರುವಾಗ ಇನ್ನೊಂದು ಅಕ್ಷರವಾದರೂ ಕಾಣಲಿ ಅಂತ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತೇನೆ.