ಮೂರು ಆಸೆಗೆ ಒಂದೇ ಬೀಚ್ ಹುಡುಕಿ ಹೋಗಿ ನಾವು ಪಟ್ಟ ಪಾಡು

ಶಾಲೆ ಶುರುವಾಗುವ ಮುಂಚೆ ಮಕ್ಕಳನ್ನ ಒಂದ್ಸಲ ಸಮುದ್ರಕ್ಕೆ ಕರೆದುಕೊಂಡು ಹೋಗಿಬರೋಣ ಅಂತ ಮೇ ಕೊನೆ ವಾರಕ್ಕೆ ರೂಮ್ ಹುಡುಕ್ತಾ ಇರುವವರು ದುಡ್ಡು ಕಟ್ಟುವ ಮುಂಚೆ ಇದನ್ನ ಓದಿ. ಕಳೆದ ವರ್ಷ ನಾವು ಮಾಡಿದ್ದು ಅದನ್ನೇ. ಮೂರು ದಿನಕ್ಕೆ ಹೋದವರು ಒಂದು ಹೊಲಿಗೆ ಹಾಕಿದ ಹುಬ್ಬು, ಕೇಳಿಸದ ಒಂದು ಕಿವಿ, ನೀರು ಕಂಡರೆ ಹಿಂದೆ ಸರಿಯುವ ಒಂದು ಮಗು ಜೊತೆಗೆ ವಾಪಸ್ ಬಂದ್ವಿ.

ನಾವು ಆರು ಜನ. ನನಗೆ, ಮಗಳಿಗೆ ಈಜುವ ಆಸೆ. ತಮ್ಮನಿಗೆ ಸರ್ಫಿಂಗ್ ಹುಚ್ಚು, ಅದೂ ಮೊಬೈಲಲ್ಲಿ ನೋಡಿ ಹತ್ತಿದ್ದು. ನಾದಿನಿಗೆ ಸ್ಕೂಬಾ ಡೈವಿಂಗ್. ಯಜಮಾನರಿಗೂ ಮಗನಿಗೂ ಮೀನೂಟ ಸಿಕ್ಕರೆ ಸಾಕು. ಎಲ್ಲರ ಆಸೆಯೂ ಒಂದೇ ಕಡೆ ತೀರಲಿ ಅಂತ ಹೊನ್ನಾವರದ ಆಚೆ ಒಂದು ಹೋಮ್‌ಸ್ಟೇ ಹಿಡಿದೆ. ‘ಹಿತ್ತಲಲ್ಲೇ ಪ್ರೈವೇಟ್ ಬೀಚ್’ ಅಂತ ಬರೆದಿತ್ತು. ಫೋಟೋದಲ್ಲಿ ಗಾಜಿನಂಥ ನೀಲಿ ನೀರು. ಹವಾಮಾನದ ಆ್ಯಪ್ ತೆರೆದು ನೋಡಿದೆ, ಮೂರೂ ದಿನ ಸೂರ್ಯನ ಚಿತ್ರ. ಮಳೆ ಇಲ್ಲ ಅಂದಮೇಲೆ ಇನ್ನೇನು ಅಂದ್ಕೊಂಡೆ.

ಮೊದಲ ತಪ್ಪು ಅಲ್ಲೇ ಆದದ್ದು. ನಮ್ಮ ತಲೆ ಮೇಲೆ ಮೋಡ ಇದೆಯಾ ಇಲ್ವಾ ಅನ್ನೋದಕ್ಕೂ ಅಲೆ ಎಷ್ಟು ಎತ್ತರ ಏಳುತ್ತೆ ಅನ್ನೋದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ದಕ್ಷಿಣದ ಮಹಾಸಾಗರದಲ್ಲಿ ಎಲ್ಲೋ ಬಿರುಗಾಳಿ ಎದ್ದರೆ ಅದು ಎಬ್ಬಿಸಿದ ಅಲೆ ಸಾವಿರಾರು ಕಿಲೋಮೀಟರ್ ದಾಟಿ ಕೆಲವು ದಿನಗಳ ಮೇಲೆ ನಮ್ಮ ದಡಕ್ಕೆ ಬಂದು ಬಡಿಯುತ್ತೆ. ಆಕಾಶ ತಿಳಿಯಾಗೇ ಇರುತ್ತೆ. ಕೇರಳದವರು ಇದಕ್ಕೆ ‘ಕಳ್ಳಕ್ಕಡಲ್’ ಅಂತಾರೆ, ಕಳ್ಳನ ಹಾಗೆ ಬರುವ ಕಡಲು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇಂಥ ಅಲೆಗಳ ಮುನ್ಸೂಚನೆ ಕೊಡುತ್ತೆ, ಯಾರು ಬೇಕಾದರೂ ನೋಡಬಹುದು. ನನಗೆ ಆ ಹೆಸರೇ ಗೊತ್ತಿರಲಿಲ್ಲ. ಅದರ ಮೇಲೆ ಮೇ ಕೊನೆ ಅಂದರೆ ಮುಂಗಾರು ಬಾಗಿಲಲ್ಲಿ ನಿಂತಿರುವ ಹೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಇಳಿಯುವ ಹಾಗಿಲ್ಲ. ಸಮುದ್ರವನ್ನೇ ನಂಬಿ ಬದುಕುವವರು ದೋಣಿ ದಡಕ್ಕೆ ಎಳೆಯುತ್ತಿರುವ ವಾರದಲ್ಲಿ ನಾವು ಈಜುಡುಗೆ ಮಡಚಿಕೊಂಡು ಹೊರಟಿದ್ವಿ.

ನಾನು ಹುಟ್ಟಿ ಬೆಳೆದದ್ದು ತುಮಕೂರಿನ ಕಡೆ. ಈಜು ಕಲಿತದ್ದು ತೋಟದ ಬಾವಿಯಲ್ಲಿ, ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು. ಮೂವತ್ತು ವರ್ಷದಿಂದ ಈಜುತ್ತಿದ್ದೇನೆ ಅನ್ನೋ ಜಂಬ ಇತ್ತು. ಬಾವಿ ನೀರು ಇದ್ದಲ್ಲೇ ಇರುತ್ತೆ, ನಮ್ಮನ್ನ ಎಲ್ಲಿಗೂ ಕರೆದೊಯ್ಯಲ್ಲ ಅನ್ನೋದು ಮಾತ್ರ ಹೊಳೆದಿರಲಿಲ್ಲ.

ಮೊದಲ ದಿನ ಬೆಳಿಗ್ಗೆ ದಡದಲ್ಲಿ ನಿಂತು ನೋಡಿದೆ. ಎಡಗಡೆ, ಬಲಗಡೆ ಅಲೆಗಳು ನೊರೆ ಕಾರುತ್ತಾ ಮುರಿದು ಬೀಳ್ತಿವೆ. ನಡುವೆ ಒಂದು ಹತ್ತು ಹದಿನೈದು ಅಡಿ ಅಗಲದ ಜಾಗದಲ್ಲಿ ಅಲೆಯೇ ಇಲ್ಲ. ನೀರು ಸ್ವಲ್ಪ ಕಂದು ಬಣ್ಣ, ಮೇಲೆ ಸಣ್ಣ ಸುಕ್ಕು, ಅಷ್ಟೇ. ‘ಅಲ್ಲಿ ಸಮಾಧಾನವಾಗಿದೆ, ಅಲ್ಲೇ ಇಳಿ’ ಅಂತ ಮಗಳಿಗೆ ಹೇಳಿದ್ದು ನಾನೇ. ಈ ಮಾತು ನೆನಪಾದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಸೊಂಟದ ಮಟ್ಟದ ನೀರಲ್ಲಿ ನಿಂತಿದ್ದಳು. ಕಾಲ ಕೆಳಗಿನ ಮರಳು ಜಾರ್ತಿದೆ ಅಂತ ನಕ್ಕಳು. ಮರುಕ್ಷಣ ನೋಡಿದರೆ ನನಗೂ ಅವಳಿಗೂ ನಡುವೆ ನಾಲ್ಕು ಮಾರು. ಹಾರಿ ಹೋಗಿ ಕೈ ಹಿಡಿದುಕೊಂಡೆ, ದಡದ ಕಡೆ ತಿರುಗಿ ಈಜಿದೆ. ಇದ್ದ ಶಕ್ತಿಯನ್ನೆಲ್ಲ ಹಾಕಿ ಈಜಿದರೂ ದಡದ ತೆಂಗಿನ ಮರ ಚಿಕ್ಕದಾಗುತ್ತಲೇ ಹೋಯ್ತು. ಉಪ್ಪುನೀರು ಕುಡಿದು ಗಂಟಲು ಉರಿಯುತ್ತಿತ್ತು. ಅಷ್ಟರಲ್ಲಿ ದಡದಲ್ಲಿ ಬಲೆ ಹೆಣೆಯುತ್ತಾ ಕೂತಿದ್ದ ಒಬ್ಬರು ಎದ್ದು ನಿಂತು ಎರಡೂ ಕೈ ಪಕ್ಕಕ್ಕೆ ಬೀಸುತ್ತಾ ಕೂಗಿದರು: “ಅಕ್ಕಾ, ಈಚೆ ಬರಬೇಡಿ! ಅಡ್ಡ ಹೋಗಿ, ಅಡ್ಡ!” ಅರ್ಥ ಆಗೋಕೆ ಸ್ವಲ್ಪ ಹೊತ್ತು ಹಿಡಿಯಿತು. ದಡಕ್ಕೆ ಸಮಾನಾಂತರವಾಗಿ ಬಲಗಡೆ ತಿರುಗಿದೆ. ಇಪ್ಪತ್ತು ಮೂವತ್ತು ಸಲ ಕೈ ಬೀಸಿರಬಹುದು, ಇದ್ದಕ್ಕಿದ್ದಂತೆ ಸೆಳೆತ ಬಿಟ್ಟುಹೋಯ್ತು. ಮುರಿಯುವ ಅಲೆಯೇ ನಮ್ಮಿಬ್ಬರನ್ನೂ ದಡಕ್ಕೆ ನೂಕಿತು. ಅವರು ಅಷ್ಟರೊಳಗೆ ಹಗ್ಗ ಕಟ್ಟಿದ ಖಾಲಿ ಕ್ಯಾನ್ ಹಿಡಿದು ಎದೆಮಟ್ಟ ನೀರಿಗೆ ಬಂದಿದ್ದರು.

ಆಮೇಲೆ ಅವರು ಮರಳ ಮೇಲೆ ಬೆರಳಲ್ಲಿ ಗೀರಿ ತೋರಿಸಿದರು. “ಅಲೆ ಒಡೀತದೆ ಅಂದ್ರೆ ಅಲ್ಲಿ ಕೆಳಗೆ ಮರಳಿನ ದಿಬ್ಬ ಉಂಟು. ಒಡೆಯೂದಿಲ್ಲ ಅಂದ್ರೆ ಆಳ. ದಡಕ್ಕೆ ಬಂದ ನೀರು ವಾಪಸ್ ಹೋಗ್ಬೇಕಲ್ಲ ಅಕ್ಕಾ, ಹೋಗುವ ದಾರಿ ಅದೇ.” ಇಂಗ್ಲಿಷಿನಲ್ಲಿ ರಿಪ್ ಕರೆಂಟ್ ಅನ್ನೋದು ಇದಕ್ಕೇ. ಅದು ಕೆಳಕ್ಕೆ ಎಳೆಯಲ್ಲ, ಹೊರಕ್ಕೆ ಎಳೆಯುತ್ತೆ. ಎದುರು ಈಜಿ ಸುಸ್ತಾದವರು ಮುಳುಗ್ತಾರೆ. ಸಿಕ್ಕಿಬಿದ್ದರೆ ತೇಲಿಕೊಂಡು ಉಸಿರು ಉಳಿಸಿಕೊಳ್ಳಿ, ಅಡ್ಡ ಈಜಿ, ಆಗದಿದ್ದರೆ ಕೈ ಎತ್ತಿ ಕೂಗಿ. ನಮಗೆ ಕೂಗಿ ಹೇಳುವವರು ಒಬ್ಬರಿದ್ದರು. ‘ಪ್ರೈವೇಟ್ ಬೀಚ್’ ಅಂದರೆ ಜೀವರಕ್ಷಕರೂ ಇಲ್ಲ, ಬಾವುಟವೂ ಇಲ್ಲ, ಸೀಟಿ ಊದುವವರೂ ಇಲ್ಲ ಅಂತ ಅರ್ಥ. 2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ಸಮುದ್ರದ ಪಾಲಾದರು. ಸುದ್ದಿ ಓದಿ ಅಯ್ಯೋ ಅಂದಿದ್ದೆ, ಪುಟ ತಿರುಗಿಸಿದ್ದೆ.

ಇಷ್ಟಾದ ಮೇಲೆ ಗಂಟುಮೂಟೆ ಕಟ್ಟಬೇಕಿತ್ತು. ಆದರೆ ನಾದಿನಿಯ ಡೈವಿಂಗ್‌ಗೆ ಅಡ್ವಾನ್ಸ್ ಕೊಟ್ಟಾಗಿತ್ತು.

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪ ಸುಮಾರು 19 ಕಿಲೋಮೀಟರ್. ಚಳಿಗಾಲದಲ್ಲಿ ಹೋದವರು ಅಲ್ಲಿನ ನೀರನ್ನ ಎಷ್ಟು ಹೊಗಳಿದರೂ ಸುಳ್ಳಲ್ಲ. ನಮಗೆ ತೋರಿಸಿದ ಫೋಟೋ ಜನವರಿಯದ್ದು ಅಂತ ದೋಣಿ ಹುಡುಗನೇ ದಾರಿಯಲ್ಲಿ ಬಾಯಿಬಿಟ್ಟ. ಒಂದು ಗಂಟೆಗೂ ಮೀರಿದ ಪಯಣದಲ್ಲಿ ಅರ್ಧ ಜನ ದೋಣಿಯ ಅಂಚಿಗೆ ಬಗ್ಗಿ ವಾಂತಿ ಮಾಡಿದರು. ಅದಕ್ಕೆ ಮಾತ್ರೆಯನ್ನ ಹತ್ತುವ ಮುಂಚೆ ನುಂಗಬೇಕು, ತಲೆ ತಿರುಗಿದ ಮೇಲಲ್ಲ. ಕೆಳಗಿಳಿದರೆ ಕಲಕಿದ ನೀರು, ಚಾಚಿದ ಕೈಯ ಬೆರಳು ಕಂಡರೆ ಪುಣ್ಯ.

ನಾದಿನಿಗೆ ಎರಡು ದಿನದಿಂದ ನೆಗಡಿ. ಸಹಿ ಹಾಕಿಸಿಕೊಂಡ ಫಾರಂನಲ್ಲಿ ಅಸ್ತಮಾ, ಕಿವಿ, ಮೂಗು ಅಂತ ಎಲ್ಲ ಪ್ರಶ್ನೆಗಳೂ ಇದ್ದವು. ‘ಎಲ್ಲದಕ್ಕೂ ಇಲ್ಲ ಅಂತ ಹಾಕಿ ಮೇಡಂ, ಬೇಗ ಆಗುತ್ತೆ’ ಅಂದರು, ಇವಳೂ ಹಾಗೇ ಹಾಕಿದಳು. ನೀರಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡರಷ್ಟಾಗುತ್ತೆ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯೊಳಗಿನ ಗಾಳಿಯನ್ನ ಸರಿದೂಗಿಸುತ್ತಾ ಇಳಿಯಬೇಕು. ನೆಗಡಿಯಲ್ಲಿ ಆ ದಾರಿಯೇ ಕಟ್ಟಿರುತ್ತೆ. ನಾಲ್ಕು ಮೀಟರ್ ಇಳಿಯುವಷ್ಟರಲ್ಲಿ ಕಿವಿಗೆ ಮೊಳೆ ಹೊಡೆದ ಹಾಗಾಯ್ತಂತೆ. ಮೇಲೆ ಬಂದಾಗ ಮುಖಕವಚದೊಳಗೆ ರಕ್ತ. ಕಿವಿಯ ತಮಟೆಗೆ ಪೆಟ್ಟಾಗಿದೆ ಅಂತ ಡಾಕ್ಟರ್ ಹೇಳಿದರು, ವಾಸಿಯಾಗೋಕೆ ಎರಡು ತಿಂಗಳು ಹಿಡಿಯಿತು.

ಡೈವ್ ಮಾಡುವ ಬೆಂಗಳೂರಿನವರಿಗೆ ಇನ್ನೊಂದು ಮಾತು. ಡೈವ್ ಆದಮೇಲೆ ಒಂದೇ ಆದರೆ 12 ಗಂಟೆ, ಹಲವು ಆದರೆ 18 ಗಂಟೆ ವಿಮಾನ ಹತ್ತಬಾರದು ಅನ್ನೋದು ಬಹಳ ಜನಕ್ಕೆ ಗೊತ್ತು. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಇಳಿಯುತ್ತೆ, ಡೈವ್‌ನಲ್ಲಿ ಮೈಯೊಳಗೆ ಕರಗಿದ ಗಾಳಿ ಗುಳ್ಳೆಯಾಗಿ ಅಪಾಯ ಮಾಡಬಹುದು. ಹಾಗಾಗಿ ಎತ್ತರದ ಊರಿಗೂ ಅದೇ ಎಚ್ಚರ ಬೇಕು. ಬೆಂಗಳೂರು 900 ಮೀಟರ್‌ಗಿಂತ ಮೇಲಿದೆ. ಮಧ್ಯಾಹ್ನ ಡೈವ್, ರಾತ್ರಿ ಬಸ್ಸಿಗೆ ಘಟ್ಟ ಅನ್ನೋ ಲೆಕ್ಕ ಬಿಡಿ, ಒಂದು ರಾತ್ರಿ ಕೆಳಗೇ ಮಲಗಿ.

ತಮ್ಮನದು ಅವನೇ ಮಾಡಿಕೊಂಡದ್ದು. ಮೂರನೇ ದಿನ ಕಾರು ತಗೊಂಡು ಮೂಲ್ಕಿಗೆ ಹೋದ. ಅಲ್ಲಿ ಸರ್ಫಿಂಗ್ ಕಲಿಸುವವರೊಬ್ಬರು ಸಮುದ್ರ ನೋಡಿ, ‘ಇವತ್ತಿನ ಅಲೆ ಹೊಸಬರಿಗಲ್ಲ, ಬೇಕಾದರೆ ಶಾಂಭವಿ ಹೊಳೆಯಲ್ಲಿ ಹಲಗೆ ಮೇಲೆ ನಿಂತು ಹುಟ್ಟು ಹಾಕೋದು ಕಲಿಯಿರಿ’ ಅಂದರು. ಮೂಲ್ಕಿ ಪಕ್ಕದ ಸಸಿಹಿತ್ಲುವಿನಲ್ಲಿ ಸರ್ಫಿಂಗ್ ಸ್ಪರ್ಧೆ ಮಳೆಗಾಲದ ಹೊಸ್ತಿಲಲ್ಲೇ ನಡೆದದ್ದುಂಟು, ಪಳಗಿದವರಿಗೆ ಬೇಕಾದ ಅಲೆ ಸಿಗೋದು ಆಗಲೇ. ಅದೇ ಅಲೆ ಕಲಿಯುವವನ ಹಲಗೆಯನ್ನ ಅವನ ಮುಖಕ್ಕೇ ತಿರುಗಿಸುತ್ತೆ. ಇವನಿಗೆ ಹೊಳೆ ಅವಮಾನ ಅನ್ನಿಸಿತು. ಬೇರೊಬ್ಬನಿಂದ ಮೆತ್ತನೆಯ ಫೋಮ್ ಬೋರ್ಡ್ ಬದಲು ಗಟ್ಟಿ ಫೈಬರ್ ಬೋರ್ಡ್ ಬಾಡಿಗೆಗೆ ತಂದ. ಮೂರನೇ ಅಲೆಗೆ ಹುಬ್ಬು ಒಡೆಯಿತು, ನಾಲ್ಕು ಹೊಲಿಗೆ. ದುಡ್ಡು ಬೇಡ ಅಂದವರ ಮಾತು ಕೇಳದೆ ಕೊಡಿ ಅಂದವನ ಹತ್ತಿರ ಹೋದದ್ದಕ್ಕೆ ಯಾರನ್ನ ಬೈಯೋದು?

ಈಗ ಕೇಳಿದರೆ ನಾನು ಹೇಳೋದು ಇಷ್ಟು. ಡೈವಿಂಗ್‌ಗೆ ಅಲೆ ಅಡಗಿ ನೀರು ತಿಳಿಯಾದ ಡಿಸೆಂಬರ್, ಜನವರಿ. ಸರ್ಫಿಂಗ್ ಕಲಿಯಲು ಸಣ್ಣ ಅಲೆಯ ಮರಳು ದಡ, ಮಳೆಗಾಲ ಕಳೆದ ಮೇಲೆ. ಮಕ್ಕಳ ಜೊತೆ ಈಜಲು ಜೀವರಕ್ಷಕರಿದ್ದು ಈಜುವ ಜಾಗಕ್ಕೆ ಗುರುತು ಹಾಕಿರುವ ಕಡೆ ಹೋಗಿ. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ) ಸಿಕ್ಕ ಪಡುಬಿದ್ರಿ, ಕಾಸರಕೋಡು ಇವೆ. ಕಾಸರಕೋಡು ಇರೋದು ಹೊನ್ನಾವರದ ಪಕ್ಕದಲ್ಲೇ, ನಾವು ಅದನ್ನ ದಾಟಿಕೊಂಡು ಆ ‘ಪ್ರೈವೇಟ್’ ಬೀಚಿಗೆ ಹೋಗಿದ್ದು.

ಡೈವಿಂಗ್‌ನವರಿಗೆ ದುಡ್ಡು ವಾಪಸ್ ಕೇಳಿದೆ. ವಾಪಸ್ ಇಲ್ಲ, ಇನ್ನೊಂದು ಸಲ ಬರಲು ಕೂಪನ್ ಕೊಡ್ತೀವಿ ಅಂದರು. ಮನೆಗೆ ಬಂದು ಬಿಡಿಸಿ ನೋಡಿದರೆ ಅದರ ಕೊನೆ ದಿನಾಂಕ ಮೇ 31, ಅಂದರೆ ನಾಡಿದ್ದು.