ಗೆದ್ದವರ ಫೈಲನ್ನೇ ಬಿಚ್ಚಿ ನೋಡಬಹುದಾದ ಸ್ಪರ್ಧೆ

ಕಂಪ್ಯೂಟರಿನಲ್ಲಿ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್ ಇಟ್ಟುಕೊಂಡಿರುವವರು ಒಮ್ಮೆ ಹೆಲ್ಪ್ ಮೆನುಗೆ ಹೋಗಿ ಅಬೌಟ್ ಇಂಕ್‌ಸ್ಕೇಪ್ ಒತ್ತಿ ನೋಡಿ. ಒಂದು ಚಿತ್ರ ತೆರೆದುಕೊಳ್ಳುತ್ತದೆ. ವರ್ಷಗಟ್ಟಲೆ ಇದರಲ್ಲಿ ಕೆಲಸ ಮಾಡಿದವರೂ ಅದನ್ನು ನೋಡಿರುವುದಿಲ್ಲ. ಆ ಚಿತ್ರ ದುಡ್ಡು ಕೊಟ್ಟು ಯಾರಿಂದಲೋ ಬರೆಸಿದ್ದಲ್ಲ. ಬಳಸುವವರೇ ಬರೆದು ಸ್ಪರ್ಧೆಗೆ ಕಳಿಸಿದ್ದು, ಬಳಸುವವರೇ ಮತ ಹಾಕಿ ಮುಂದೆ ತಂದದ್ದು. ಅಬೌಟ್ ಸ್ಕ್ರೀನ್ ಸ್ಪರ್ಧೆ ಅಂತ ಅದಕ್ಕೆ ಹೆಸರು. ದೊಡ್ಡ ಆವೃತ್ತಿ ಹೊರಬರುವ ಮುಂಚೆ ನಡೆಯುತ್ತದೆ. ಇದು ಆ ಸ್ಪರ್ಧೆಯ ಬಗ್ಗೆ ನನ್ನ ಅಭಿಪ್ರಾಯ. ಆದರೆ ಇದರ ಬೆಲೆ ನಮಗೆ ಗೊತ್ತಾಗಿದ್ದು ಬೇರೆ ಕಡೆ ಸೋತ ಮೇಲೆ, ಹಾಗಾಗಿ ಅದನ್ನೂ ಹೇಳಬೇಕು.

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಫ್ಲೆಕ್ಸು, ಅಂಗಡಿ ಬೋರ್ಡು, ಬಿಲ್ ಬುಕ್ಕು. 18 ವರ್ಷದಿಂದ ಕೋರೆಲ್ ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲೇ ಕೆಲಸ. ಪ್ರೆಸ್ಸಿನವರು ಫೋನ್ ಮಾಡಿ "ಕರ್ವ್ ಮಾಡಿ ಕಳಿಸ್ರಿ" ಅಂದರೆ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರಗಳನ್ನು ಗೆರೆಗಳನ್ನಾಗಿ ಮಾಡಿ ಕಳಿಸುವುದು, ವೆಕ್ಟರ್ (ಚುಕ್ಕೆಗಳಲ್ಲದೆ ಗೆರೆಗಳಿಂದಲೇ ಕಟ್ಟಿದ ಚಿತ್ರ) ಅಂದರೆ ಇಷ್ಟೇ ಅಂತ ತಿಳಿದಿದ್ದೆ. ಇದೂ ಒಂದು ಕಲೆ, ಇದಕ್ಕೂ ಸ್ಪರ್ಧೆ, ಪ್ರಶಸ್ತಿ ಎಲ್ಲ ಇದೆ ಅಂತ ತೋರಿಸಿಕೊಟ್ಟವಳು ನನ್ನ ಅಕ್ಕನ ಮಗಳು. ಇಲ್ಲಿನ ದೃಶ್ಯಕಲಾ ಕಾಲೇಜಿನಲ್ಲಿ ಓದುತ್ತಾಳೆ. ಸಂಜೆ ಅಂಗಡಿಗೆ ಬಂದು ಮೂಲೆಯ ಕಂಪ್ಯೂಟರ್ ಹಿಡಿದು ಕೂತರೆ ಷಟರ್ ಎಳೆಯುವವರೆಗೂ ಏಳುವುದಿಲ್ಲ.

ಅವಳು ಮೊದಲು ಸೇರಿದ್ದು ಒಂದು ಆನ್‌ಲೈನ್ ವೆಕ್ಟರ್ ಸ್ಪರ್ಧೆಗೆ. ಹೆಸರು ಬೇಡ. ಕುಂದವಾಡ ಕೆರೆ ಹತ್ತಿರದ ಗಾಜಿನ ಮನೆಯನ್ನು ಬರೆದಿದ್ದಳು. ಒಂದೊಂದು ಗಾಜನ್ನೂ ಬೇರೆ ಬೇರೆಯಾಗಿ ಎಳೆದು, ಆಕಾಶದ ಬಣ್ಣ ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಬದಲಾಗುವ ಹಾಗೆ. 12 ದಿನ ಹಿಡಿಯಿತು. ಅಲ್ಲಿನ ನಿಯಮ ಏನು ಗೊತ್ತಾ? ಯಾರಿಗೆ ಜಾಸ್ತಿ ಲೈಕ್ ಬರುತ್ತದೋ ಅವರೇ ಗೆದ್ದ ಹಾಗೆ. ನಮ್ಮ ಮನೆಯವರು, ಬೀಗರು, ನನ್ನ ಗಿರಾಕಿಗಳು, ಅವಳ ಕಾಲೇಜಿನವರು, ಎಲ್ಲರ ವಾಟ್ಸಾಪ್ ಗುಂಪಿಗೂ ಲಿಂಕ್ ಹೋಯಿತು. ಚಿತ್ರ ತೆರೆದು ನೋಡಿದವರು ಎಷ್ಟು ಜನವೋ, ಸುಮ್ನೆ ಹೆಬ್ಬೆಟ್ಟು ಒತ್ತಿದವರೇ ಹೆಚ್ಚು. ಕೊನೆಗೆ ಗೆದ್ದದ್ದು ಒಂದು ಹುಲಿಯ ಮುಖ. ಬಣ್ಣಗಳೆಲ್ಲ ಮಳೆ ನೀರು ನಿಂತ ಗುಂಡಿಗಳ ಹಾಗೆ ಒಡೆದು ಒಡೆದು ಕಾಣುತ್ತಿದ್ದವು. ಫೋಟೋವನ್ನು ಆಟೋ ಟ್ರೇಸ್‌ಗೆ, ಅಂದರೆ ಕಂಪ್ಯೂಟರೇ ಅದರ ಮೇಲೆ ಗೆರೆ ಎಳೆಯುವ ಕೆಲಸಕ್ಕೆ, ಹಾಕಿದ್ದಾರೆ ಅಂತ ನನಗೆ ಅನಿಸಿತು. ಆದರೆ ಖಾತ್ರಿ ಮಾಡಿಕೊಳ್ಳುವ ದಾರಿಯೇ ಇರಲಿಲ್ಲ. ಅವರು ತೋರಿಸಿದ್ದು ಬರೀ ಪಿಎನ್‌ಜಿ, ಫೋಟೋದಂಥ ಚಿತ್ರ, ಅದರಲ್ಲಿ ಗೆರೆಯನ್ನು ಹಿಡಿದಿಡುವ ಬಿಂದು, ಅಂದರೆ ನೋಡ್, ಎಲ್ಲಿ ಕಾಣುತ್ತದೆ? ಜೊತೆಗೆ, ಕಳಿಸಿದ ಎಲ್ಲ ಚಿತ್ರಗಳ ಹಕ್ಕೂ, ಸೋತವರದ್ದೂ ಸೇರಿ, ನಡೆಸುವವರಿಗೇ ಸೇರುತ್ತದೆ ಅಂತ ನಿಯಮದಲ್ಲಿ ಬರೆದಿತ್ತು. ಅದನ್ನು ನಾವು ಓದಿದ್ದು ಫಲಿತಾಂಶ ಬಂದ ಮೇಲೆ. ಆ ಗಾಜಿನ ಮನೆಯನ್ನು ಅವಳು ಇವತ್ತಿಗೂ ಬೇರೆಲ್ಲೂ ಹಾಕಿಲ್ಲ.

ಅವತ್ತು ಅವಳು ಕೇಳಿದ ಮಾತು ನನಗೆ ಇನ್ನೂ ನೆನಪಿದೆ. "ಮಾಮ, ಸೋತಿದ್ದಕ್ಕೆ ಬೇಜಾರಿಲ್ಲ. ನನ್ನದರಲ್ಲಿ ಏನು ಕಡಿಮೆ ಇತ್ತು ಅಂತ ಯಾರನ್ನ ಕೇಳಲಿ?"

ಆ ಪ್ರಶ್ನೆಗೆ ನನಗೆ ಸಿಕ್ಕ ಅತಿ ಒಳ್ಳೆ ಉತ್ತರ ಇಂಕ್‌ಸ್ಕೇಪ್‌ನವರ ಈ ಸ್ಪರ್ಧೆ. ಇಲ್ಲಿ ಚಿತ್ರ ಇಂಕ್‌ಸ್ಕೇಪ್‌ನಲ್ಲೇ ಬರೆದಿರಬೇಕು, ಕಳಿಸುವುದು ಎಸ್‌ವಿಜಿ ಫೈಲನ್ನೇ, ಅಂದರೆ ಗೆರೆಗಳೆಲ್ಲ ಹಾಗೇ ಇರುವ ಮೂಲ ಫೈಲನ್ನು. ಹಕ್ಕು ಬರೆದವರ ಹತ್ತಿರವೇ ಇರುವಂಥ ಮುಕ್ತ ಪರವಾನಗಿ ಕೊಡಬಹುದು, ಅಂದರೆ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು. ಕಳಿಸಿದ ಚಿತ್ರಗಳು ಇಂಕ್‌ಸ್ಕೇಪ್ ವೆಬ್‌ಸೈಟಿನ ಗ್ಯಾಲರಿಯಲ್ಲಿ ಎಲ್ಲರಿಗೂ ಕಾಣುತ್ತವೆ. ನೀವು ಫೈಲನ್ನು ಇಳಿಸಿಕೊಂಡು ತೆರೆದು, ಗ್ರೂಪ್ ಬಿಚ್ಚಿ, ಲೇಯರ್ ಆರಿಸಿ, ಒಂದೊಂದು ಗೆರೆಯನ್ನೂ ಎಳೆದಾಡಿ ನೋಡಬಹುದು. ಗೆದ್ದ ಚಿತ್ರಕ್ಕಂತೂ ಇಂಟರ್ನೆಟ್ ಕೂಡ ಬೇಡ. ನಮ್ಮ ಅಂಗಡಿಯಲ್ಲಿರುವುದು ಇಂಕ್‌ಸ್ಕೇಪ್ 1.2 ಆವೃತ್ತಿ. ಅದು ಇನ್‌ಸ್ಟಾಲ್ ಆದ ಜಾಗದಲ್ಲಿ ಶೇರ್ ಅನ್ನುವ ಫೋಲ್ಡರ್, ಅದರೊಳಗೆ ಇಂಕ್‌ಸ್ಕೇಪ್, ಅದರೊಳಗೆ ಸ್ಕ್ರೀನ್ಸ್. ಅಬೌಟ್ ಅನ್ನುವ ಎಸ್‌ವಿಜಿ ಅಲ್ಲೇ ಇದೆ. ಬಹುಮಾನ ಬಂದ ಚಿತ್ರ, ಅದನ್ನು ಹೇಗೆ ಬರೆದರು ಅನ್ನುವುದರ ಸಮೇತ ನಮ್ಮ ಕಂಪ್ಯೂಟರಿನಲ್ಲೇ ಕೂತಿದೆ ಅಂದರೆ ಎಂಥ ಮಾತು ಅಲ್ವಾ! ಬೇರೆ ಯಾವ ಕಲೆಯಲ್ಲೂ ಇದು ಸಿಗುವುದು ಕಷ್ಟ. ಎಣ್ಣೆ ಬಣ್ಣದ ಚಿತ್ರಕ್ಕೆ ಪ್ರಶಸ್ತಿ ಬಂದರೆ ದೂರದಲ್ಲಿ ನಿಂತು ನೋಡಬೇಕು, ಕೆಳಗಿನ ಪದರ ಕೆರೆದು ನೋಡಲು ಯಾರು ಬಿಡುತ್ತಾರೆ?

ಫೈಲ್ ತೆರೆದ ಕೂಡಲೇ ಕಂಟ್ರೋಲ್ ಮತ್ತು 5 ಒತ್ತಿ. ಎರಡು ಮೂರು ಸಲ ಒತ್ತಿದರೆ ಬಣ್ಣವೆಲ್ಲ ಹೋಗಿ ಬರೀ ಗೆರೆ ಉಳಿಯುತ್ತದೆ. ಚಿತ್ರದ ಎಲುಬು ಕಾಣುವುದು ಆಗ. ಮೊದಲ ಸಲ ಹೀಗೆ ಮಾಡಿದಾಗ ನಾವಿಬ್ಬರೂ ಸುಮಾರು ಹೊತ್ತು ಮಾತೇ ಆಡಲಿಲ್ಲ. ಗ್ಯಾಲರಿಯಿಂದ ಇಳಿಸಿಕೊಂಡ ಒಂದು ಫೈಲಿನಲ್ಲಿ ಇಡೀ ಗುಡ್ಡಕ್ಕೆ ಇದ್ದದ್ದು ಆರೇ ಆರು ನೋಡ್. ಅದರ ನೆರಳು ಇನ್ನೊಂದೇ ಆಕಾರ, ಬ್ಲರ್ ಮಾಡಿ (ಅಂಚು ಮಸುಕಾಗಿಸಿ) ಗುಡ್ಡದ ಹೊರಗಿನ ಭಾಗ ಕಾಣದ ಹಾಗೆ ಕ್ಲಿಪ್ ಮಾಡಿದ್ದರು. ಅಷ್ಟೇ! ನಾವು ಅದನ್ನು ಬರೆಯಲು ಹೊರಟಿದ್ದರೆ ಇಪ್ಪತ್ತು ಪದರ ಹಾಕುತ್ತಿದ್ದೆವು. ಅವಳ ಗಾಜಿನ ಮನೆಯನ್ನೂ ಅವತ್ತೇ ಹೀಗೆ ತೆರೆದು ನೋಡಿದೆವು. ಏನು ಜಾಸ್ತಿಯಾಗಿತ್ತು ಅಂತ ಯಾರೂ ಹೇಳಬೇಕಾಗಲಿಲ್ಲ.

ಈ ಬಾಗುವ ಗೆರೆಗಳ ಹುಟ್ಟು ಕಾರು ಕಾರ್ಖಾನೆಯಲ್ಲಿ ಅನ್ನುವುದು ನನಗೆ ತುಂಬ ಇಷ್ಟದ ಸಂಗತಿ. ರೆನೋ ಕಂಪನಿಯ ಪಿಯರ್ ಬೆಜಿಯೆ ಹೆಸರಿನಿಂದ ಇವಕ್ಕೆ ಬೆಜಿಯರ್ ಅನ್ನುತ್ತೇವೆ. ಅವರಿಗೂ ಮುಂಚೆ, 1959ರಲ್ಲೇ, ಸಿಟ್ರೊಎನ್ ಕಂಪನಿಯ ದ ಕಾಸ್ಟೆಲ್ಜೊ ಇದೇ ಲೆಕ್ಕ ಕಂಡುಕೊಂಡಿದ್ದರು. ಕಾರಿನ ಮೈಯನ್ನು ಕಡಿಮೆ ಬಿಂದುಗಳಲ್ಲಿ ನಯವಾಗಿ ಹೇಳಬೇಕಿತ್ತು, ಅದಕ್ಕೆ ಬಂದ ಉಪಾಯ ಇದು. ಹಾಗಾಗಿ ಕಡಿಮೆ ನೋಡ್‌ನಲ್ಲಿ ಬರೆಯುವುದು ಈ ಕಲೆಯ ಹುಟ್ಟುಗುಣ. ಸ್ಪರ್ಧೆಯಲ್ಲಿ ನೋಡಬೇಕಾದ್ದೂ ಅದನ್ನೇ, ಮತ್ತೆ ಫೈಲ್ ಕೈಗೆ ಸಿಗದಿದ್ದರೆ ಅದನ್ನು ನೋಡುವುದಕ್ಕೇ ಆಗುವುದಿಲ್ಲ.

ಇನ್ನು ಮತದ ವಿಷಯ. ಇಲ್ಲಿ ಎರಡು ಹಂತ. ಮೊದಲು ಅಲ್ಲಿ ಖಾತೆ ಇರುವ ಬಳಕೆದಾರರು ಮತ ಹಾಕುತ್ತಾರೆ. ಹೆಚ್ಚು ಮತ ಬಂದ ಕೆಲವನ್ನು ಇಂಕ್‌ಸ್ಕೇಪ್‌ಗಾಗಿ ಕೆಲಸ ಮಾಡುವವರು, ಅಂದರೆ ಕೋಡ್ ಬರೆಯುವವರು, ಅನುವಾದ ಮಾಡುವವರು, ಇಂಥವರೆಲ್ಲ ನೋಡಿ ಕೊನೆಯದನ್ನು ಆರಿಸುತ್ತಾರೆ. ಮೊದಲ ಹಂತದಲ್ಲಿ ಪರಿಚಯದವರ ಮತ ಒಂದಿಷ್ಟು ಬೀಳಬಹುದು, ಅದನ್ನು ಯಾರೂ ತಡೆಯಲಾರರು. ಆದರೆ ಎರಡನೆಯ ಹಂತದಲ್ಲಿ ಕೂತಿರುವವರಿಗೆ ಫೈಲ್ ಒಳಗೆ ಏನಿದೆ ಅಂತ ಓದಲು ಬರುತ್ತದೆ. ನಾನು ನೋಡಿದ ಪದ್ಧತಿಗಳಲ್ಲಿ ಇದೇ ಒಳ್ಳೆಯದು. ಕಲಾವಿದರು ಚಿತ್ರ ಹಾಕುವ ಡೀವಿಯಂಟ್‌ಆರ್ಟ್ ವೆಬ್‌ಸೈಟಿನಲ್ಲಿ ಡೈಲಿ ಡೀವಿಯೇಶನ್ ಅಂತ ಒಂದು ಗೌರವ ಇದೆ, ಅಲ್ಲಿ ಮತ ಇಲ್ಲ, ಆರಿಸುವವರು ಆರಿಸುತ್ತಾರೆ, ಸದಸ್ಯರು ಚಿತ್ರ ಸೂಚಿಸಬಹುದು. ಅದೂ ಚೆನ್ನಾಗಿದೆ, ಆದರೆ ಅಲ್ಲಿ ಮೆಚ್ಚಿಕೊಂಡ ಚಿತ್ರದ ಮೂಲ ಫೈಲ್ ಸಿಕ್ಕೇ ಸಿಗುತ್ತದೆ ಅನ್ನುವ ಹಾಗಿಲ್ಲ.

ಬಹುಮಾನ ಏನು ಅಂತ ಅಂಗಡಿಗೆ ಬಂದವರು ಮೊದಲು ಕೇಳುತ್ತಾರೆ. ಇಲ್ಲಿ ದೊಡ್ಡ ಬಹುಮಾನ ಅಂದರೆ ನಿಮ್ಮ ಚಿತ್ರ ಆ ಸಾಫ್ಟ್‌ವೇರಿನ ಒಳಗೆ ಸೇರಿಕೊಳ್ಳುವುದು. 2020ರ ಮೇ ತಿಂಗಳಲ್ಲಿ ಬಂದ 1.0ರಲ್ಲಿ ಗೆದ್ದದ್ದು ಇಂಡೊನೇಷ್ಯಾದ ಕಲಾವಿದರೊಬ್ಬರ ಪುಟ್ಟ ದ್ವೀಪದ ಚಿತ್ರ. ಆ ಆವೃತ್ತಿ ಎಲ್ಲೆಲ್ಲಿ ಹೋಯಿತೋ ಅಲ್ಲೆಲ್ಲ ಆ ದ್ವೀಪವೂ ಹೋಯಿತು. ಸ್ಪರ್ಧೆಯಿಂದ ಬಂದ ಚಿತ್ರ ಬಳಕೆಗೆ ಬರುವುದರ ಬೆಲೆ ನಮಗೆ ಹೊಸದೇನಲ್ಲ. ರೂಪಾಯಿ ಚಿಹ್ನೆಯೂ ಹೀಗೆ ಸ್ಪರ್ಧೆಯಿಂದಲೇ ಬಂದದ್ದು. ಮೂರು ಸಾವಿರಕ್ಕೂ ಹೆಚ್ಚು ಚಿತ್ರಗಳಲ್ಲಿ ಐದನ್ನು ಆರಿಸಿ, ಕೊನೆಗೆ ಉದಯ ಕುಮಾರ್ ಅವರದ್ದನ್ನು 2010ರ ಜುಲೈ 15ರಂದು ಒಪ್ಪಿದರು. ಎರಡೂವರೆ ಲಕ್ಷ ಬಹುಮಾನ. ಆದರೆ ಬಹುಮಾನದ ಮೊತ್ತ ಈಗ ಎಷ್ಟು ಜನರಿಗೆ ನೆನಪಿದೆ? ನಾನು ಬಿಲ್ ಬುಕ್ ಮಾಡುವಾಗ ದಿನಾ ಆ ಚಿಹ್ನೆ ಹಾಕುತ್ತೇನೆ.

ಸೇರಬೇಕು ಅಂತಿರುವವರಿಗೆ, ಅದರಲ್ಲೂ ಚಿತ್ರದಲ್ಲಿ ಕನ್ನಡ ಅಕ್ಷರ ಹಾಕುವವರಿಗೆ, ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅಕ್ಷರವನ್ನು ಪಾತ್, ಅಂದರೆ ಬರೀ ಗೆರೆಯ ಆಕಾರ, ಮಾಡಿ ಕಳಿಸಿ. ಇನ್ನೊಂದು ಕಡೆಯ ಸ್ಪರ್ಧೆಗೆ ಅವಳು ಚಿತ್ರದುರ್ಗದ ಕೋಟೆ ಬರೆದು ಮೇಲೆ ದೊಡ್ಡದಾಗಿ ದುರ್ಗ ಅಂತ ಹಾಕಿದ್ದಳು. ಅಲ್ಲಿನವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಅರ್ಕಾವೊತ್ತನ್ನು ಕೈಯಾರೆ ತಿದ್ದಿ ಕೂರಿಸಿದ ಜಾಗದಲ್ಲಿ ಅವರಿಗೆ ಕಂಡದ್ದು ಬರೀ ಖಾಲಿ ಚೌಕಗಳು. ಇಂಕ್‌ಸ್ಕೇಪ್‌ನಲ್ಲಿ ಅಕ್ಷರ ಆರಿಸಿ ಶಿಫ್ಟ್ ಕಂಟ್ರೋಲ್ ಸಿ ಒತ್ತಿದರೆ ಆಯಿತು. ಮೊದಲು ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ, ಆಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ. ಹಳೆ ನುಡಿ ಫಾಂಟಿನಲ್ಲಿ ಕೋರೆಲ್‌ನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಬೀಳುತ್ತದೆ. ನಮ್ಮಂಥ ಡಿಟಿಪಿಯವರು ಇಲ್ಲೇ ಎಡವುವುದು. ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡಿ, ಒತ್ತಕ್ಷರವೆಲ್ಲ ಸರಿಯಾಗಿಯೇ ಕೂರುತ್ತದೆ.

ಬಲೆಯ ಹಾಗೆ ಬಣ್ಣ ಬೆರೆಸುವ ಮೆಶ್ ಗ್ರೇಡಿಯಂಟ್ ಹುಷಾರು. ಇಂಕ್‌ಸ್ಕೇಪ್ ಒಳಗೆ ಬೆಣ್ಣೆಯ ಹಾಗೆ ಕಾಣುತ್ತದೆ, ಅದೇ ಫೈಲನ್ನು ಬ್ರೌಸರಿನಲ್ಲಿ ತೆರೆದರೆ ಕಾಣದೇ ಹೋಗಬಹುದು. ಬ್ಲರ್ ಕೂಡ ಕೈ ಬಿಗಿ ಹಿಡಿದು ಹಾಕಿ, ಜಾಸ್ತಿಯಾದರೆ ಫೈಲ್ ತೆರೆಯುವುದೇ ನಿಧಾನವಾಗುತ್ತದೆ.

ಕೊರತೆ ಇಲ್ಲ ಅಂತಲ್ಲ. ನಿಯಮಗಳೆಲ್ಲ ಇಂಗ್ಲಿಷಿನಲ್ಲಿವೆ, ಕಲಾ ಕಾಲೇಜಿನ ಹಳ್ಳಿ ಮಕ್ಕಳಿಗೆ ಯಾರಾದರೂ ಕೂತು ಓದಿ ಹೇಳಬೇಕು. ಸ್ಪರ್ಧೆ ನಡೆಯುವುದು ಆವೃತ್ತಿ ಬರುವಾಗ ಮಾತ್ರ. 1.2 ಬಂದದ್ದು 2022ರ ಮೇನಲ್ಲಿ, 1.3 ಬಂದದ್ದು 2023ರ ಜುಲೈನಲ್ಲಿ, 1.4 ಬಂದದ್ದು 2024ರ ಅಕ್ಟೋಬರಿನಲ್ಲಿ. ಒಮ್ಮೆ ತಪ್ಪಿಸಿಕೊಂಡರೆ ವರ್ಷದ ಮೇಲೆ ಕಾಯಬೇಕು. ಸೋತ ಚಿತ್ರಕ್ಕೆ ಕೂತು ತಿದ್ದಿ ಹೇಳುವ ಗುರುಗಳನ್ನು ಇಲ್ಲಿ ಹುಡುಕಬೇಡಿ. ಗೆದ್ದವರ ಫೈಲೇ ಗುರು ಅಂದುಕೊಂಡು ಹೋಗಬೇಕು. ಅಷ್ಟು ಮಾಡುವ ಮನಸ್ಸಿದ್ದವರಿಗೆ, ಕಲಿಯುತ್ತಿರುವವರಿಗೆ, ಕಣ್ಣು ಮುಚ್ಚಿಕೊಂಡು ಸೇರಿ ಅನ್ನುತ್ತೇನೆ. ಐದಕ್ಕೆ ಐದು ನಕ್ಷತ್ರ ಕೊಡುತ್ತೇನೆ. ದುಡ್ಡು ಬೇಕು ಅನ್ನುವವರು ಬೇರೆ ಕಡೆ ನೋಡಿ, ಆದರೆ ಹಕ್ಕು ಯಾರಿಗೆ ಹೋಗುತ್ತದೆ ಅನ್ನುವ ಸಾಲನ್ನು ಮೊದಲು ಓದಿ.

ಈಗ ಅವಳು ಕೋಟೆಯನ್ನು ಮತ್ತೆ ಬರೆಯುತ್ತಿದ್ದಾಳೆ. ಒಂದು ಭಾನುವಾರ ಇಬ್ಬರೂ ದುರ್ಗಕ್ಕೆ ಹೋಗಿ ಬಂದೆವು. ಅಲ್ಲಿನ ಬಂಡೆಗಳನ್ನು ನೋಡಿದ್ದೀರಲ್ಲ, ಒಂದರ ಮೇಲೊಂದು, ಇನ್ನೇನು ಉರುಳಿತು ಅನ್ನುವ ಹಾಗೆ. ಅವಳ ಮೊದಲ ಚಿತ್ರದಲ್ಲಿ ಬಂಡೆಗಳನ್ನು ಫೋಟೋದಿಂದ ಟ್ರೇಸ್ ಮಾಡಿದ್ದಳು. ಹೌದು, ಹುಲಿ ಮುಖದ ಬಗ್ಗೆ ಅಷ್ಟು ನೊಂದುಕೊಂಡವಳೇ, ಟೈಮ್ ಸಾಲದೆ ಹಾಗೆ ಮಾಡಿದ್ದಳು. ಒಂದೇ ಬಂಡೆಗೆ ನಾಲ್ಕು ಸಾವಿರದ ಮೇಲೆ ನೋಡ್ ಬಿದ್ದಿತ್ತು. ನೋಡ್ ಟೂಲ್ ಹಿಡಿದು ಬಂಡೆ ಆರಿಸಿದರೆ ಕೆಳಗಿನ ಪಟ್ಟಿಯಲ್ಲಿ ಎಣಿಕೆ ಬರುತ್ತದೆ, ಅವಳೇ ನೋಡಿ ಪೂರ್ತಿ ಅಳಿಸಿದಳು. ಈಗ ಪೆನ್ ಟೂಲಿನಲ್ಲಿ ಎಳೆದಿದ್ದಾಳೆ, ಅದೇ ಬಂಡೆ 19 ನೋಡ್. ಹಿಂದೆ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು. ಒಂದನ್ನು ಬರೆದು ಉಳಿದವನ್ನು ಕ್ಲೋನ್ ಮಾಡಿದ್ದಾಳೆ, ಒಂದರ ರೆಕ್ಕೆ ತಿದ್ದಿದರೆ ಎಲ್ಲದರದ್ದೂ ಬದಲಾಗುತ್ತದೆ. ಇದನ್ನು ನಾನು ಹೇಳಿಕೊಟ್ಟಿದ್ದಲ್ಲ, ಗ್ಯಾಲರಿಯ ಯಾರದೋ ಫೈಲ್ ಬಿಚ್ಚಿ ಕಲಿತದ್ದು.

ಆ ಫೈಲುಗಳನ್ನೆಲ್ಲ ಅಂಗಡಿಯ ಎಲ್ಲ ಕಂಪ್ಯೂಟರಿನಲ್ಲೂ ಹಾಕಿಟ್ಟಿದ್ದೇನೆ. ಆಷಾಢದಲ್ಲಿ ಕಾರ್ಡಿನ ಕೆಲಸ ಇರುವುದಿಲ್ಲ, ಹುಡುಗರು ಮೊಬೈಲ್ ನೋಡುತ್ತಾ ಕೂರುತ್ತಾರೆ. ಮೊನ್ನೆ ಅವರಲ್ಲಿ ಒಬ್ಬ ಒಂದು ಫೈಲ್ ತೆರೆದುಕೊಂಡು ಕರೆದ. "ಅಣ್ಣ, ಈ ನೆರಳು ಹೆಂಗ್ ಮಾಡ್ಯಾರೆ?"

ಕಂಟ್ರೋಲ್ 5 ಒತ್ತು ಅಂದೆ.