ಹಾಫ್ ಡೋಮೋ, ಹೆರ್ನಾಂಡೆಜ್ ಚಂದ್ರೋದಯವೋ?

ಗೋಡೆಗೆ ಅಮೆರಿಕದ ನಿಸರ್ಗ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅವರ ಒಂದೇ ಒಂದು ಕಪ್ಪು-ಬಿಳುಪು ಕಾಡುಮೇಡಿನ ಚಿತ್ರ ಸಾಕು, ಈ ಎರಡರಲ್ಲಿ ಯಾವುದು ಅನ್ನುವವರು ಮೊದಲು ಕತೆ ಕೇಳಿ.

1927ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಎಂಬ ದೈತ್ಯ ಬಂಡೆಯ ಎದುರು ನಿಂತಾಗ ಅವರ ಬಳಿ ಉಳಿದಿದ್ದು ಫಿಲ್ಮಿನ ಬದಲು ಬಳಸುವ ಎರಡೇ ಗಾಜಿನ ಪ್ಲೇಟು. ಒಂದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ಬಂಡೆಯ ಗತ್ತು ಅದರಲ್ಲಿ ಬರಲಾರದೆನಿಸಿ, ಕೊನೆಯದಕ್ಕೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಚಿತ್ರದಲ್ಲಿ ನೀಲಿ ಆಕಾಶ ಕಪ್ಪಿಟ್ಟಿತು.

1941ರಲ್ಲಿ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಎಂಬ ಊರಲ್ಲಿ ತೆಗೆದ ಚಂದ್ರೋದಯದ್ದು ಬರೀ ಗಡಿಬಿಡಿ. ಕಾರು ನಿಲ್ಲಿಸಿ ತಡಕಾಡಿದರೆ ಬೆಳಕು ಅಳೆಯುವ ಲೈಟ್ ಮೀಟರೇ ಇಲ್ಲ! ಚಂದ್ರನ ಪ್ರಖರತೆಯನ್ನು ನೆನಪಿನಿಂದಲೇ ಲೆಕ್ಕ ಹಾಕಿ ತೆಗೆದರು. ಎರಡನೆಯದಕ್ಕೆ ಸಜ್ಜಾಗುವಷ್ಟರಲ್ಲಿ ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಮಾಯ. (ಇದರಲ್ಲಿ ಊರು, ಸ್ಮಶಾನ ಎರಡೂ ಇವೆ, ಅಪ್ಪಟ ಕಾಡುಮೇಡಲ್ಲ.)

ನನ್ನ ಮತ ಹಾಫ್ ಡೋಮ್‌ಗೆ. ಮಲಗುವ ಕೋಣೆಗಾದರೆ ಚಂದ್ರನೇ ಇರಲಿ.